ಕಳಶ ಕದಲಿಸುವ ತನಕ

ನಮ್ಮ ಮನೆಯಲ್ಲಿ ಕುಕ್ಕರ್ ಕೂಗುವುದನ್ನು ನಿಲ್ಲಿಸಿದವರು ನಮ್ಮತ್ತೆ. ಮಗ ರೂಮಿನಲ್ಲಿ ಕೂತು ಆಫೀಸಿನ ಕೆಲಸ ಮಾಡುತ್ತಾನೆ, ಮೀಟಿಂಗ್ ಮಧ್ಯೆ ಅಡುಗೆಮನೆಯಿಂದ ಸೀಟಿ ಹೊಡೆದರೆ ನಾಲ್ಕು ಜನ ಏನಂದುಕೊಳ್ಳುತ್ತಾರೆ ಎಂದು ಅವರು ಅನ್ನವನ್ನು ಪಾತ್ರೆಯಲ್ಲೇ ಬೇಯಿಸಿ ಬಸಿಯತೊಡಗಿದರು. ಸೊಪ್ಪಿನವಳು ಕೆಳಗೆ ನಿಂತು ಕೂಗಿದರೂ ಬಾಲ್ಕನಿಗೆ ಓಡಿ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. ಪಕ್ಕದ ಮನೆಯವರಿಗೆಲ್ಲ ಹೇಳಿಯಾಗಿತ್ತು: ನಮ್ಮ ಹುಡುಗನಿಗೆ ಬಿಡುವೇ ಇಲ್ಲ, ಕಿವಿಗೆ ಸಿಕ್ಕಿಸಿಕೊಂಡರೆ ಮಧ್ಯಾಹ್ನದ ಊಟಕ್ಕೂ ತೆಗೆಯುವುದಿಲ್ಲ.

ರೂಮಿನಲ್ಲಿ ಮೀಟಿಂಗೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಕಂಪನಿಯವರು ಇವರನ್ನು ಕೆಲಸದಿಂದ ತೆಗೆದಿದ್ದರು. ಮೊದಲಿನಿಂದಲೂ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಿದ್ದವರಾದ್ದರಿಂದ, ಎಲ್ಲ ದಿನವೂ ಮನೆಯಲ್ಲಿದ್ದರೆ ಯಾರಿಗೂ ಅನುಮಾನ ಬರಲಿಲ್ಲ. ನನಗೆ ಅವತ್ತೇ ಹೇಳಿದ್ದರು. "ಅಮ್ಮಂಗೆ ಈಗಲೇ ಬೇಡ. ಬೇರೆ ಕೆಲಸ ಸಿಕ್ಕಿದ ಮೇಲೆ ಎರಡೂ ಒಟ್ಟಿಗೇ ಹೇಳೋಣ" ಅಂದರು. ನನಗೂ ಸರಿ ಅನಿಸಿತು. ಯುಗಾದಿ ಬಂತು, ಹೋಯಿತು. ಹೇಳುವುದಕ್ಕೆ ಎರಡನೆಯ ಸುದ್ದಿ ಬರಲೇ ಇಲ್ಲ.

ಕೋಣನಕುಂಟೆಯ ಈ ಫ್ಲ್ಯಾಟಿನ ಸಾಲ, ಅದರೊಳಗಿನ ಕಪಾಟು, ಮಾಡ್ಯುಲರ್ ಕಿಚನ್ನಿಗೆ ಮಾಡಿದ ಇನ್ನೊಂದು ಸಾಲ, ಅದರ ಕಂತು ಕಟ್ಟಲು ಉಜ್ಜಿದ ಕ್ರೆಡಿಟ್ ಕಾರ್ಡು. ಜೆ.ಪಿ. ನಗರದ ಪುಟಾಣಿ ಶಾಲೆಯೊಂದರಲ್ಲಿ ನಾನು ಮಕ್ಕಳಿಗೆ ಅಕ್ಷರ ತಿದ್ದಿಸಿ ತರುತ್ತಿದ್ದ ಸಂಬಳ ಹಾಲು, ತರಕಾರಿ, ಅತ್ತೆಯ ಬಿ.ಪಿ. ಮಾತ್ರೆಗೇ ಮುಗಿಯುತ್ತಿತ್ತು. ಬೆಳಿಗ್ಗೆಯಿಂದಲೇ ವಸೂಲಿಯವರ ಫೋನು ಶುರುವಾಗುತ್ತಿತ್ತು. ಮೊದಮೊದಲು "ಸಾರ್, ಗುಡ್ ಮಾರ್ನಿಂಗ್" ಅನ್ನುತ್ತಿದ್ದವರು ಬರಬರುತ್ತಾ "ಏನ್ರೀ" ಅಂದರು, ಕೊನೆಗೊಬ್ಬ "ಏನಯ್ಯಾ, ತಗೊಳ್ಳೋವಾಗ ಚೆನ್ನಾಗಿತ್ತಾ?" ಅಂದ. ಅವನ ಕತ್ತು ಹಿಸುಕಬೇಕು ಅನಿಸಿತು ನನಗೆ. ಇವರು ಮಾತ್ರ ಬಾಗಿಲು ಮುಂದೆ ಮಾಡಿಕೊಂಡು "ಸ್ವಲ್ಪ ಟೈಮ್ ಕೊಡಿ ಸಾರ್, ಈ ವಾರ ಖಂಡಿತ ಮಾಡ್ತೀನಿ ಸಾರ್" ಎನ್ನುತ್ತಿದ್ದರು.

ಹೊರಗೆ ಹೂವು ಕಟ್ಟುತ್ತಾ ಕೂತ ಅತ್ತೆಗೆ ಅದು ಆಫೀಸಿನ ಮಾತಾಗಿ ಕೇಳುತ್ತಿತ್ತು. "ಅದ್ಯಾವ ಸೀಮೆ ಬಾಸಪ್ಪ ನಿಂದು, ಹಿಂಗೆ ಜೀವ ತಿಂತಾನೆ? ಬೇರೆ ಕೆಲಸ ನೋಡ್ಕೋ ಕಣೋ" ಅನ್ನುವರು.

"ನೋಡ್ತಾ ಇದೀನಮ್ಮ" ಅನ್ನುವರು ಇವರು. ಆ ತಿಂಗಳುಗಳಲ್ಲಿ ಇವರು ತಾಯಿಗೆ ಹೇಳಿದ ನಿಜವಾದ ಮಾತು ಅದೊಂದೇ ಇರಬೇಕು.

ಬೇಸಿಗೆ ರಜೆಯಲ್ಲಿ ಅಡ್ಡಿಕೆ ಅಡಮಾನಕ್ಕೆ ಹೋಯಿತು. ಕತ್ತಿಗೆ ಅಂಟಿದಂತೆ ಕೂರುವ ಕೆಂಪು ಕಲ್ಲಿನ ಆ ಒಡವೆ ಅತ್ತೆಗೆ ಅವರ ತಾಯಿ ಕೊಟ್ಟದ್ದು. ನನ್ನ ಮದುವೆಯಲ್ಲಿ ಅದನ್ನು ನನ್ನ ಕತ್ತಿಗೆ ಕಟ್ಟಿ, "ಇದು ನಿಂದೇ. ಆದ್ರೆ ವರಮಹಾಲಕ್ಷ್ಮಿ ದಿನ ಮಾತ್ರ ಅಮ್ಮನೋರಿಗೆ" ಅಂದಿದ್ದರು. ವರ್ಷವೆಲ್ಲ ಬ್ಯಾಂಕಿನ ಲಾಕರಿನಲ್ಲಿದ್ದು, ಹಬ್ಬದ ದಿನ ಕಳಶದ ಮೇಲಿನ ದೇವಿಯ ಮುಖದ ಕೆಳಗೆ ಬಂದು ಕೂರುತ್ತಿತ್ತು. ಮಾರುವುದು ಬೇಡ, ಮನೆಯ ಲಕ್ಷ್ಮಿಯನ್ನು ಮಾರಿದ ಹಾಗಾಗುತ್ತದೆ, ಅಡ ಇಟ್ಟರೆ ಬಿಡಿಸಿಕೊಳ್ಳಬಹುದು ಎಂದು ನಾವಿಬ್ಬರೂ ಮಾತಾಡಿಕೊಂಡು ಬನಶಂಕರಿಯ ಒಂದು ಚಿನ್ನದ ಸಾಲದ ಅಂಗಡಿಯಲ್ಲಿ ಇಟ್ಟೆವು. ಆ ದುಡ್ಡು ಫ್ಲ್ಯಾಟಿನ ಕಂತಿಗೆ ಹೋಯಿತು. ಬಡ್ಡಿ ಕಟ್ಟುವುದು ನಿಂತುಹೋಯಿತು. ಶ್ರಾವಣ ಬರುವ ಹೊತ್ತಿಗೆ ಹರಾಜಿನ ಮಾತು ಬಂತು.

"ಶುಕ್ರವಾರ ಸಂಜೆಯೊಳಗೆ ಬಾಕಿ ಬಡ್ಡಿ ಕಟ್ಬಿಡಿ ಸಾರ್, ರಿನ್ಯೂ ಮಾಡ್ಕೊಡ್ತೀವಿ" ಅಂದನಂತೆ ಬ್ರಾಂಚಿನವನು. "ಶನಿವಾರ ಬೆಳಿಗ್ಗೆ ಹರಾಜಿನ ಪ್ಯಾಕೆಟ್ಟೆಲ್ಲ ಹೆಡ್ಡಾಫೀಸಿಗೆ ಹೋಗ್ಬಿಡುತ್ತೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ."

ಆ ಶುಕ್ರವಾರವೇ ವರಮಹಾಲಕ್ಷ್ಮಿ.

ಗುರುವಾರ ಇವರು ಸ್ಕೂಟರ್ ಮಾರಿದರು. ಕೊಂಡವನು ಮೆಕ್ಯಾನಿಕ್, ನೋಟಿನಲ್ಲೇ ಕೊಟ್ಟ. ಅತ್ತೆ ಗಾಡಿ ಎಲ್ಲೋ ಎಂದು ಕೇಳಿದ್ದಕ್ಕೆ ಸರ್ವಿಸಿಗೆ ಬಿಟ್ಟಿದ್ದೇನೆ ಅಂದರು. ದೇವಿಗೆ ಹಾಕಲು ನಾನು ಜಯನಗರ ಫೋರ್ತ್ ಬ್ಲಾಕಿನಿಂದ ಹೆಚ್ಚುಕಮ್ಮಿ ಅದೇ ನಮೂನೆಯ ಒನ್ ಗ್ರಾಂ ಗೋಲ್ಡಿನ ಅಡ್ಡಿಕೆ ತಂದಿದ್ದೆ. ಪೊರೆ ಬಂದ ಕಣ್ಣಿಗೆ ಹತ್ತಿರ ಹಿಡಿದು ನೋಡಿ ಅತ್ತೆ, "ಪಾಲಿಶ್ ಹಾಕಿಸಿದ್ಯಾ? ಎಷ್ಟು ಚೆನ್ನಾಗಿ ಹೊಳೀತಿದೆ" ಎಂದು ಖುಷಿಪಟ್ಟರು. ನಾನು ಹೂಂ ಅಂದೆ.

ಶುಕ್ರವಾರ ಬೆಳಿಗ್ಗೆ ನಾನು ಒಬ್ಬಟ್ಟಿನ ಹೂರಣ ರುಬ್ಬುತ್ತಿದ್ದೆ. ಇವರು ಸ್ನಾನಕ್ಕೆ ಹೋಗಿದ್ದರು. ದೇವಿಗೆ ಉಡಿಸುವ ಸೀರೆಗೆ ಪಿನ್ ಹುಡುಕುತ್ತಾ ಅತ್ತೆ ಇವರ ಮೇಜಿನ ಡ್ರಾಯರ್ ಎಳೆದಿದ್ದಾರೆ. ನೋಟಿನ ಕವರು ಕೈಗೆ ಸಿಕ್ಕಿದೆ. ಸ್ನಾನ ಮುಗಿಸಿ ಇವರು ಹೊರಗೆ ಬರುವ ಹೊತ್ತಿಗೆ ಆ ನೋಟೆಲ್ಲ ಬೀಸಣಿಗೆಯ ಹಾಗೆ ಮಡಿಸಿಕೊಂಡು ದೇವಿಯ ಸುತ್ತ ನಿಂತಿದ್ದವು. ದೀಪ ಹಚ್ಚಿ, ಪೂಜೆ ಶುರು ಮಾಡಿ ಅರಿಶಿನ ಕುಂಕುಮವನ್ನೂ ಏರಿಸಿಯಾಗಿತ್ತು.

"ಹಬ್ಬಕ್ಕೆ ಸರಿಯಾಗಿ ಬೋನಸ್ ಬಂದಿದೆ, ನಂಗೆ ಹೇಳೇ ಇಲ್ವಲ್ಲೋ ಕಳ್ಳ" ಎಂದು ಮಗನನ್ನು ನೋಡಿ ನಕ್ಕರು.

"ಅಮ್ಮ, ಆ ದುಡ್ಡು... ಒಬ್ರಿಗೆ ಕೊಡಬೇಕಿತ್ತು. ಇವತ್ತೇ."

"ಇವತ್ತಾ?" ಅತ್ತೆಯ ಮುಖ ಗಂಟಾಯಿತು. "ಶುಕ್ರವಾರ, ಅದೂ ವರಮಹಾಲಕ್ಷ್ಮಿ. ದೇವರ ಮುಂದೆ ಇಟ್ಟಿರೋ ಲಕ್ಷ್ಮೀನ ಎತ್ಕೊಂಡು ಹೊರಗೆ ಕಳಿಸ್ತೀಯಾ? ಬುದ್ಧಿ ಎಲ್ಲಿಟ್ಟಿದೀಯಾ? ನಾಳೆ ಕಳಶ ಕದಲಿಸ್ತೀನಿ, ಆಮೇಲೆ ಯಾರಿಗಾದ್ರೂ ಕೊಡು."

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ಇವರನ್ನೇ ನೋಡಿದೆ. ಹೇಳಿಬಿಡಿ, ಈಗಲಾದರೂ ಬಾಯಿಬಿಡಿ. ಇವರು ಒದ್ದೆ ತಲೆಯಲ್ಲಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಿಂತೇ ಇದ್ದರು. ಹೇಳಬೇಕೆಂದರೆ ದುಡ್ಡಿನದ್ದೊಂದೇ ಅಲ್ಲ, ಅಡ್ಡಿಕೆಯದ್ದು ಹೇಳಬೇಕು, ಕೆಲಸದ್ದು ಹೇಳಬೇಕು, ಸಂಕ್ರಾಂತಿಯಿಂದ ಹೇಳುತ್ತಾ ಬರಬೇಕು. ಅದೂ ಎಲ್ಲಿ? ಕತ್ತಿನಲ್ಲಿ ಖೋಟಾ ಒಡವೆ ಹಾಕಿಕೊಂಡು ಕೂತ ದೇವಿಯ ಮುಂದೆ. "ಆಯ್ತಮ್ಮ" ಎಂದು ರೂಮಿಗೆ ಹೋದರು.

ಇಡೀ ದಿನ ಆ ದುಡ್ಡು ನಮ್ಮ ಕಣ್ಣೆದುರಿಗೇ ಇತ್ತು. ಕೈ ಚಾಚಿದರೆ ಸಿಗುವಷ್ಟು ದೂರ. ಬೇರೆ ಕಡೆ ಹೊಂದಿಸೋಣವೆಂದು ಇವರು ರೂಮಿನಲ್ಲಿ ಕೂತು ಸ್ನೇಹಿತರಿಗೆ ಫೋನು ಮಾಡಿದರು. ಹಿಂದೆ ಕೊಟ್ಟವರು ಎತ್ತಲಿಲ್ಲ, ಕೊಡದವರು ಹಬ್ಬದ ಶುಭಾಶಯ ಹೇಳಿದರು. ಸಂಜೆ ಅಕ್ಕಪಕ್ಕದ ಹೆಂಗಸರು ಕುಂಕುಮಕ್ಕೆ ಬಂದರು. ದೇವಿಯ ಸೀರೆಯ ಅಂಚು, ಅಡ್ಡಿಕೆಯ ಹೊಳಪು, ನೋಟಿನ ಅಲಂಕಾರ ಎಲ್ಲವನ್ನೂ ಕಣ್ತುಂಬ ನೋಡಿದರು. ಒಬ್ಬರು "ನಿಮ್ಮನೇಲಿ ಲಕ್ಷ್ಮಿ ಕಾಲು ಮುರ್ಕೊಂಡು ಕೂತಿದಾಳೆ ಬಿಡಿ" ಅಂದರು. ನಾನು ತಾಂಬೂಲ ಕೊಟ್ಟೆ. ಚಿನ್ನದ ಸಾಲದ ಅಂಗಡಿ ಮುಚ್ಚುವ ಹೊತ್ತು ಹತ್ತಿರವಾದಾಗ ಇವರು ಒಮ್ಮೆ ದೇವಿಯ ಮುಂದೆ ಬಂದು ಕೈಮುಗಿದು ನಿಂತರು. ಒಂದು ಕೈ ಸ್ವಲ್ಪ ಮುಂದೆ ಹೋದದ್ದನ್ನು ನಾನು ನೋಡಿದೆ. "ನಿಂತ್ಕೋ, ಮಂಗಳಾರತಿ ತಗೋ" ಎಂದು ಅತ್ತೆ ತಟ್ಟೆ ಹಿಡಿದು ಬಂದರು. ಆ ಕೈ ಆರತಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಿತು.

ಶನಿವಾರ ಬೆಳಿಗ್ಗೆ ಎದ್ದು ಕೂತರೆ ರಾಹುಕಾಲ ಕಳೆಯಲಿ ಅಂದರು ಅತ್ತೆ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಪಂಚಾಂಗ ಕಂಡುಹಿಡಿದವರಿಗೂ ಬೈದೆ, ಮನಸ್ಸಿನಲ್ಲೇ. ಆಮೇಲೆ ಅತ್ತೆ ಕಳಶ ಕದಲಿಸಿ, ನೋಟನ್ನು ಒಂದೊಂದಾಗಿ ಬಿಡಿಸಿ, ಮಡಿಕೆಗಳನ್ನು ಅಂಗೈಯಲ್ಲಿ ಸವರಿ ಸರಿಮಾಡಿ ಮಗನ ಕೈಗೆ ಕೊಟ್ಟರು. "ಒಳ್ಳೇದಾಗ್ಲಿ" ಅಂದರು.

ಇವರು ಬಸ್ಸು ಹಿಡಿದು ಹೋದರು. ಅಲ್ಲಿಂದ ನನಗೆ ಫೋನು ಬಂತು. ಪ್ಯಾಕೆಟ್ಟು ಬೆಳಿಗ್ಗೆಯೇ ಹೋಗಿತ್ತು. ನಿನ್ನೆ ಶಟರ್ ಎಳೆಯೋವಾಗ ಬಂದಿದ್ದರೂ ಆಗುತ್ತಿತ್ತು ಸಾರ್ ಅಂದನಂತೆ ಅವನು. ಹೆಡ್ಡಾಫೀಸು, ಕಸ್ಟಮರ್ ಕೇರು ಎಂದು ವಾರವಿಡೀ ಅಲೆದದ್ದೂ ದಂಡವಾಯಿತು. ಅಡ್ಡಿಕೆ ಯಾರದೋ ಪಾಲಾಯಿತು, ಹೆಚ್ಚಿಗೆ ಬಂದ ಚೂರುಪಾರು ಖಾತೆಗೆ ಬಿತ್ತು, ಬಿದ್ದದ್ದನ್ನು ಕ್ರೆಡಿಟ್ ಕಾರ್ಡಿನವರು ನುಂಗಿದರು.

ಇನ್ನು ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಅದಾದ ಮೇಲಿನ ಒಂದು ಭಾನುವಾರ ತಿಂಡಿ ಮುಗಿಸಿ ಇವರು ತಾಯಿಯ ಮಂಚದ ಪಕ್ಕ ನೆಲದ ಮೇಲೆ ಕೂತು ಕೆಲಸ ಹೋದದ್ದು ಹೇಳಿದರು, ಸಾಲ ಹೇಳಿದರು, ಅಡ್ಡಿಕೆ ಹೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಎಲ್ಲ ಮುಗಿದ ಮೇಲೆ ಅತ್ತೆ ಕೇಳಿದರು:

"ಯಾವಾಗ ಹೋಯ್ತು ಅಡ್ಡಿಕೆ?"

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿಮ್ಮ ಹಬ್ಬದ ದಿನವೇ, ನೀವೇ ಹಿಡಿದಿಟ್ಟ ದುಡ್ಡಿನಿಂದಲೇ. ಅನ್ನಬೇಕು ಅಂತ ನನಗೆ ನಿಜಕ್ಕೂ ಅನಿಸಿತು. ಅಷ್ಟರಲ್ಲಿ ಇವರು, "ಆಷಾಢದಲ್ಲೇ ಹೋಗಿತ್ತಮ್ಮ" ಅಂದರು.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಬೈಯಲು ಶುರು ಮಾಡಿದರು. ಹೆತ್ತ ತಾಯಿಗೆ ಮುಚ್ಚಿಟ್ಟೆ, ಖೋಟಾ ಒಡವೆಗೆ ನನ್ನ ಕೈಲಿ ಪೂಜೆ ಮಾಡಿಸಿದೆ, ನಾನು ಸತ್ತೇ ಹೋಗಿದ್ದೆ ಅಂದುಕೊಂಡ್ಯಾ ಎಂದು ಬಾಯಿಗೆ ಬಂದಂತೆ ಬೈದರು. ಇವರು ತಲೆ ತಗ್ಗಿಸಿಕೊಂಡು ಬೈಸಿಕೊಂಡರು.

"ಒಂದು ಮಾತು ಹೇಳಿದ್ದಿದ್ರೆ, ಬಿಡಿಸ್ಕೊಂಡು ಬರೋಕೆ ನಾನೇನು ಅಡ್ಡ ಬರ್ತಿದ್ನೇನೋ?" ಅಂದರು ಅತ್ತೆ.

"ಇಲ್ಲಮ್ಮ," ಅಂದರು ಇವರು. "ನೀನೆಲ್ಲಿ ಅಡ್ಡ ಬರ್ತಿದ್ದೆ."