ಒಂದು ಎಲೆ ಹೆಚ್ಚಿಗೆ

ಕಳೆದ ವಾರ ಬ್ರಹ್ಮಾವರದಲ್ಲಿ, ಬಸ್ ಸ್ಟ್ಯಾಂಡಿನ ಪಕ್ಕದ ದಿನಸಿ ಅಂಗಡಿಯಲ್ಲಿ ಜೀರಿಗೆ ಕಟ್ಟಿಸಿಕೊಳ್ಳುತ್ತ ನಿಂತಿದ್ದೆ. ಅಂಗಡಿಯವರು ಇನ್ಯಾರಿಗೋ ಕೊಡಲು ಒಂದು ಡಬ್ಬಿಯ ಮುಚ್ಚಳ ತೆಗೆದರು. ಬಹಳ ವರ್ಷ ಮುಚ್ಚಿಟ್ಟ ಬಾವಿಯ ಬಾಯಿ ತೆಗೆದರೆ ಒಂದು ತಣ್ಣನೆಯ ವಾಸನೆ ಮೇಲೆ ಬರುತ್ತದಲ್ಲ, ಅದು. ಯಾರೋ ನನ್ನ ಬೆನ್ನ ಹಿಂದೆ ಸರದಿಗೆ ಬಂದು ನಿಂತ ಹಾಗಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಡಬ್ಬಿಯಲ್ಲಿದ್ದದ್ದು ಕಲ್ಲುಹೂವು. ನೀವೂ ನೋಡಿರುತ್ತೀರಿ. ಹೂವೆಂದು ಹೆಸರು, ನೋಡಿದರೆ ಒಣಗಿ ಸುರುಟಿದ ತೊಗಟೆ. ನನಗೂ ಸ್ವಲ್ಪ ಕಟ್ಟಿ ಎಂದೆ.

"ಬಿರಿಯಾನಿಗಾ ಮೇಡಂ?"

"ಅಲ್ಲ, ಕೋಳಿಸಾರಿಗೆ."

"ನಮ್ಮ್ ಕುಂದಾಪ್ರ ಕೋಳಿಸಾರಿಗೆ ಇದನ್ ಯಾರ್ ಹಾಕ್ತ್ರ್ ಮಾರಾಯ್ರೆ!" ಎಂದು ಅವರು ನಕ್ಕರು.

ಅವರು ಹೇಳಿದ್ದು ಸರಿ. ಯಾರೂ ಹಾಕುವುದಿಲ್ಲ, ಗಂಗೊಳ್ಳಿಯ ನಮ್ಮ ಮನೆಯೊಂದನ್ನು ಬಿಟ್ಟು.

ನಮ್ಮದು ಐಸ್ ಪ್ಲಾಂಟಿನ ಹಿಂದಿನ ಮನೆ. ಹಗಲಿಡೀ ಮಂಜುಗಡ್ಡೆ ಪುಡಿಮಾಡುವ ಸದ್ದು ಕೇಳುತ್ತಿರುತ್ತದೆ; ಅದು ನಿಂತಾಗಲೇ ನಮಗೆ ಏನೋ ಆಯಿತೆಂದು ಗಾಬರಿ. ಅಪ್ಪ ತೀರಿಹೋದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅಮ್ಮ ಮೀನಿನ ಬುಟ್ಟಿ ತಲೆಗೇರಿಸಿದಳು. ಮದುವೆಯಾಗದೆ ಮುಂಬೈಯ ಹೋಟೆಲುಗಳಲ್ಲಿ ಅಡುಗೆ ಮಾಡಿಕೊಂಡಿದ್ದ ದೊಡ್ಡಪ್ಪ ಊರಿಗೆ ಬಂದು ನಮ್ಮ ಜೊತೆ ನಿಂತರು. ಬರುವಾಗ ತಂದದ್ದು ಒಂದು ತಗಡಿನ ಪೆಟ್ಟಿಗೆ, ಬಾಯಿತುಂಬ ಮರಾಠಿ ಬೈಗುಳ, ಮತ್ತೆ ಒಂದು ಬಿಸ್ಕತ್ತಿನ ಡಬ್ಬಿ. ಡಬ್ಬಿಯಲ್ಲಿ ಈ ಕಲ್ಲುಹೂವು. ಆಗ ಅದರ ಹೆಸರು ನಮಗೆ ಗೊತ್ತಿರಲಿಲ್ಲ, ಕಪ್ಪು ಸಿಪ್ಪೆ ಎನ್ನುತ್ತಿದ್ದೆವು. ಮುಗಿಯುತ್ತ ಬಂದಾಗ ಯಾರೋ ಮುಂಬೈಯಿಂದ ಬರುವವರು ಮತ್ತೊಂದು ಪೊಟ್ಟಣ ತಂದುಕೊಡುತ್ತಿದ್ದರು.

ಜೀವನವಿಡೀ ಊರವರಿಗೆಲ್ಲ ಬೇಯಿಸಿದ ಮನುಷ್ಯ ನಮ್ಮ ಮನೆಯಲ್ಲಿ ಒಲೆಯ ಹತ್ತಿರ ಬರುತ್ತಿದ್ದದ್ದು ವರ್ಷಕ್ಕೊಂದೇ ದಿನ, ಹೋದವರಿಗೆ ಬಡಿಸುವ ದಿನ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ತೀರಿಕೊಂಡ ಮನೆಯವರಿಗೆ ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದ ಕೋಳಿ ಮೀನು ಎಲ್ಲ ಬಡಿಸಿ, ಲೋಟದಲ್ಲಿ ನೀರಿಟ್ಟು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಳ್ಳುವುದು. ಅವರ ಊಟ ಮುಗಿಯುವ ತನಕ ನಾವು ಹೊರಗೆ ಮಾತಿಲ್ಲದೆ ಕೂರುವುದು. ಆಮೇಲೆ ಮೂರು ಸಲ ಬಾಗಿಲು ತಟ್ಟಿಯೇ ತೆಗೆಯಬೇಕು. ಉಣ್ಣುತ್ತಿರುವವರ ಮೇಲೆ ನುಗ್ಗುವುದು ಮರ್ಯಾದೆಯಲ್ಲ, ಬದುಕಿರುವವರಾಗಲಿ ಸತ್ತವರಾಗಲಿ.

ನಮ್ಮ ಮನೆಯಲ್ಲಿ ಹೋದವರು ನಾಲ್ವರು: ಅಜ್ಜ, ಅಜ್ಜಿ, ಅತ್ತೆ, ಅಪ್ಪ. ದೊಡ್ಡಪ್ಪ ಹಾಕುತ್ತಿದ್ದದ್ದು ಐದು ಎಲೆ.

"ನಾಕ್ ಜನಕ್ಕೆ ಐದೆಲೆ ಎಂತಕ್ಕೆ ದೊಡ್ಡಪ್ಪ?" ಎಂದು ಒಮ್ಮೆ ಕೇಳಿದ್ದೆ.

"ಒಂದ್ ಹೆಚ್ಚಿಗಿರ್ಲಿ ಮಗಾ. ಬಸ್ಸಂಗೆ ಟವೆಲ್ ಹಾಕಿ ಸೀಟ್ ಹಿಡೂದಿಲ್ಯಾ? ಹಾಂಗೆ."

"ಯಾರಿಗೆ ಹಿಡ್ದದ್ದ್?"

"ಬಪ್ಪೋರಿಗೆ."

ನಾಲ್ಕು ಹೆಸರನ್ನು ಗಟ್ಟಿಯಾಗಿ ಕರೆದು, ಬಾಗಿಲ ಹತ್ತಿರದ ಆ ಐದನೆಯ ಎಲೆಯ ಮುಂದೆ ಮಾತ್ರ ಅವರು ಕೂತು ತುಟಿ ಅಲುಗಿಸುತ್ತಿದ್ದರು. ಸದ್ದು ಬರುತ್ತಿರಲಿಲ್ಲ. ಆ ಹೊತ್ತಿನಲ್ಲಿ ನನಗೆ ಆ ಎಲೆಯ ಕಡೆ ನೋಡಲು ಧೈರ್ಯ ಸಾಲುತ್ತಿರಲಿಲ್ಲ.

ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಪ್ಪನ ಫೋಟೋದ ಪಕ್ಕದಲ್ಲೇ ನೇತುಹಾಕಿದ್ದೇನೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಮೀನಿನ ವಾಸನೆಯ ಬ್ಯಾಗೆಂದು ಪಕ್ಕದಲ್ಲಿ ಕೂರದವರ ನಡುವೆ ಓದಿದವಳು ನಾನು. ಆ ಸಿಟ್ಟಿಗೇ ಇರಬೇಕು, ಕಾಲೇಜಿನ ವಾರ್ಷಿಕ ಸಂಚಿಕೆಗೆ "ನಮ್ಮ ಮನೆಯ ಅಪ್ಪಟ ಕೋಳಿಸಾರು" ಎಂದು ಲೇಖನ ಬರೆದೆ. ನಾಲ್ಕು ತಲೆಮಾರಿನ ರುಚಿ, ಹೊರಗಿನ ಗಾಳಿ ಸೋಕದ್ದು ಎಂದೆಲ್ಲ ಬರೆದೆ. ಕಪ್ಪು ಸಿಪ್ಪೆ ಎಲ್ಲಿಂದ ಬಂತೆಂದು ಹೇಳಬೇಕಿತ್ತಲ್ಲ? ಮುಂಬೈಯ ಪೊಟ್ಟಣವೆಂದರೆ ಅಪ್ಪಟ ಹೇಗಾದೀತು? ಕೆರಾಡಿಯ ಕಾಡಿನ ಮರಗಳಿಂದ ನಮ್ಮಜ್ಜಿ ಅದನ್ನು ಕೆರೆದು ತರುತ್ತಿದ್ದಳೆಂದು ಬರೆದೇಬಿಟ್ಟೆ. ಬಹುಮಾನವೂ ಬಂತು.

ದೊಡ್ಡಪ್ಪನಿಗೆ ಓದಿ ಹೇಳಿದೆ. ಅವರು ಮೊಣಕಾಲು ತುರಿಸಿಕೊಳ್ಳುತ್ತ ಪೂರ್ತಿ ಕೇಳಿದರು.

"ಚಂದ ಆಯ್ತ್ ಮಗಾ. ನಿನ್ನಜ್ಜಿ ಕೆರಾಡಿ ಕಾಣ್ಲೇ ಇಲ್ಲೆ. ಆದ್ರೂ ಚಂದ ಆಯ್ತ್."

ಆಮೇಲೆ ಒಳಕೋಣೆಯ ಕಡೆಗೊಮ್ಮೆ ನೋಡಿದರು. ಏನೋ ಹೇಳಲು ಹೊರಟಿದ್ದರೆಂದು ಈಗ ಅನಿಸುತ್ತದೆ. ಬಹುಮಾನದ ಗುಂಗಿನಲ್ಲಿ ನಾನು ಕೇಳಲಿಲ್ಲ. ಎರಡು ವರ್ಷ ಕಳೆದು ಅವರೂ ಹೋದರು.

ಅವರು ಹೋದ ಮೇಲಿನ ಮೊದಲ ಬಡಿಸುವ ದಿನ ಎಲ್ಲ ನನ್ನದೇ ಯಜಮಾನಿಕೆ. ಡಬ್ಬಿಯಲ್ಲಿದ್ದ ಕಪ್ಪು ಸಿಪ್ಪೆಯಲ್ಲಿ ಒಂದು ಚೂರು ಉಳಿಸಿ ಮಿಕ್ಕದ್ದನ್ನೆಲ್ಲ ಹುರಿದು ಅರೆದೆ. ಐದು ಎಲೆ ಕೊಯ್ದೆ.

"ಐದಾ? ಒಂದ್ ಕಮ್ಮಿ ಆಯ್ತಲ್ದಾ?" ಎಂದಳು ಅಮ್ಮ.

"ಅಜ್ಜ, ಅಜ್ಜಿ, ಅತ್ತೆ, ಅಪ್ಪ, ದೊಡ್ಡಪ್ಪ. ಬೆರಳ್ ಮಡ್ಚಿ ಕಾಣ್."

"ಅವ್ರ್ ಒಂದ್ ಹೆಚ್ಚಿಗೆ ಇಡ್ತಿದ್ರ್."

"ಯಾರಿಗಂತ ನಿಂಗ್ ಗೊತ್ತಿತ್ತಾ?"

"ಇಲ್ಲೆ."

"ಗೊತ್ತಿಲ್ದೋರಿಗೆಲ್ಲ ಬಡ್ಸುಕೆ ನಮ್ದೆಂತ ಹೋಟ್ಲಾ ಅಮ್ಮ?"

ಒಳಗೋಡೆಯಿಂದ ಹೊಸ್ತಿಲ ತನಕ ಐದು ಎಲೆಗಳನ್ನು ನಾನೇ ಸಮನಾಗಿ ಹಾಕಿದೆ. ಹೊಸ್ತಿಲ ಹತ್ತಿರದ್ದು ದೊಡ್ಡಪ್ಪನದು. ಕಿಟಕಿ ಹಾಕಿ, ಬಾಗಿಲು ಎಳೆದು, ಹೊರಗೆ ಕೂತೆವು. ಸುಡು ಮಧ್ಯಾಹ್ನ. ಐಸ್ ಪ್ಲಾಂಟಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ಕರೆಂಟು ಹೋಗಿರಬೇಕು. ಆ ಮೌನದಲ್ಲಿ ಒಳಗಿನಿಂದ ಒಂದು ಸದ್ದು ಕೇಳಿತು. ಸ್ಟೀಲಿನ ಲೋಟವನ್ನು ನೆಲದ ಮೇಲೆ ಮೆಲ್ಲಗೆ ಎಳೆದರೆ ಬರುವಂಥ ಸದ್ದು. ನಿಂತಿತು. ಮತ್ತೆ ಬಂತು. ಅಮ್ಮ ನನ್ನ ಮುಖ ನೋಡಲಿಲ್ಲ, ನಾನೂ ಅವಳದನ್ನು ನೋಡಲಿಲ್ಲ. ಒಟ್ಟು ಐದು ಸಲ ಬಂತೆಂದು ಎಣಿಸಿದೆ.

ಮೂರು ಸಲ ತಟ್ಟಿ ಬಾಗಿಲು ತೆಗೆದೆವು. ಅನ್ನದ ಒಂದು ಅಗುಳೂ ಚೆಲ್ಲಿರಲಿಲ್ಲ. ಆದರೆ ಐದು ಎಲೆಗಳೂ ಒಳಗೋಡೆಯ ಕಡೆಗೆ ಒತ್ತರಿಸಿಕೊಂಡಿದ್ದವು, ಬಸ್ಸಿನ ಸೀಟಿನಲ್ಲಿ ಇನ್ನೊಬ್ಬರು ಬಂದಾಗ ಸರಿದು ಕೂರುತ್ತೇವಲ್ಲ, ಹಾಗೆ. ಒಂದೊಂದು ಲೋಟದ ಹಿಂದೆಯೂ ನೆಲದಲ್ಲಿ ಒದ್ದೆ ಗೆರೆ. ಹೊಸ್ತಿಲ ಹತ್ತಿರ ಸರಿಯಾಗಿ ಒಂದು ಎಲೆಯಷ್ಟು ಜಾಗ ಖಾಲಿ.

"ಜಾಗ ಮಾಡಿಕೊಟ್ಟಿದ್ರ್. ಎಲೆಯೇ ಇಲ್ಲೆ," ಎಂದಳು ಅಮ್ಮ.

ನಾನು ಓದಿದವಳಲ್ಲವೇ? ನೆಲ ಇಳಿಜಾರಿದೆ, ಅದಕ್ಕೇ ಜಾರಿವೆ ಎಂದೆ. ತೋರಿಸಿಕೊಡುತ್ತೇನೆಂದು ನಿಂಬೆಹಣ್ಣು ತಂದು ನೆಲಕ್ಕಿಟ್ಟೆ. ಅದು ಉರುಳಿತು. ಒಳಗೋಡೆಯ ಕಡೆಗಲ್ಲ, ಹೊಸ್ತಿಲ ಕಡೆಗೆ. ಹೊಸ್ತಿಲಿಗೆ ಬಡಿದು ನಿಂತಿತು.

"ಕೆಳಗ್ ಜಾರೂದ್ ಕಂಡಿದೆ. ಮೇಲ್ ಹತ್ತಿ ಜಾರೂದ್ ನಿಮ್ಮ್ ಕಾಲೇಜಂಗೆ ಕಲ್ಸಿದ್ರಾ?" ಎಂದಳು ಅಮ್ಮ.

ಆ ದಿನ ನಾವು ಉಂಡ ಸಾರಿಗೆ ಉಪ್ಪು ಖಾರ ಎಲ್ಲ ಇತ್ತು, ರುಚಿ ಇರಲಿಲ್ಲ. ಯಾರೋ ಅದನ್ನೊಂದನ್ನೇ ಎತ್ತಿಕೊಂಡು ಹೋದ ಹಾಗೆ.

ಮರುದಿನ ಉಳಿಸಿದ್ದ ಚೂರನ್ನು ಕಾಗದದಲ್ಲಿ ಸುತ್ತಿಕೊಂಡು ಬೀಜಾಡಿಗೆ ಹೋದೆ. ಮುಂಬೈಯಲ್ಲಿ ದೊಡ್ಡಪ್ಪನ ಜೊತೆ ಒಂದೇ ರೂಮಿನಲ್ಲಿದ್ದ ಸಂಜೀವಣ್ಣ ಅಲ್ಲಿದ್ದರು. ಕಣ್ಣು ಮಂಜಾಗಿತ್ತು. ಚೂರನ್ನು ಮೂಗಿಗೆ ಹಿಡಿದವರೇ ಎದ್ದು ಕೂತರು.

"ಹ್ವಾಯ್, ಮಾವ್ಶಿ ಬಂದ್ ಕೂಕಂಡ್ಹಾಂಗೆ ಆಯ್ತಲೇ! ಕಲ್ಲ್ ಹೂವ್ ಇದ್."

ಮಾವ್ಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಅವರ ರೂಮಿನ ಪಕ್ಕದಲ್ಲಿ ಒಂಟಿಯಾಗಿದ್ದ, ರತ್ನಾಗಿರಿ ಕಡೆಯ ಹೆಂಗಸು. ದೊಡ್ಡಪ್ಪ ಕಾಮಾಲೆಯಾಗಿ ಬಿದ್ದಾಗ ಒಂದು ತಿಂಗಳು ಗಂಜಿ ಕುಡಿಸಿ ಬದುಕಿಸಿದವಳು.

"ಪುಕ್ಸಟೆ ಉಂಬುದ್ ಬ್ಯಾಡ ಅಂದೇಳಿ ನಿನ್ನ್ ದೊಡ್ಡಪ್ಪ ಅವ್ಳಿಗೆ ನೀರ್ದೋಸೆ ಹೊಯ್ಯುಕೆ ಕಲ್ಸ್ದ. ಅವ್ಳ್ ಇವ್ನಿಗೆ ಕೋಳಿ ಕಲ್ಸಿದ್ಳ್. ಇವ ಊರಿನ್ ಮೆಣ್ಸ್ ತಂದ್ ಕೊಟ್ಟ, ಅವ್ಳ್ ಕಲ್ಲ್ ಹೂವ್ ಹಾಕಿದ್ಳ್. ಕಡಿಕೆ ಅದ್ ಯಾವೂರಿನ್ ಸಾರ್ ಅಂದೇಳಿ ಇಬ್ಬರಿಗೂ ಗೊತ್ತಿಲ್ಲೆ."

"ಹಾಗಾದರೆ ನಮ್ಮಜ್ಜಿಯ ಸಾರು?"

"ನಿನ್ನಜ್ಜಿಯಾ? ವರ್ಷಕ್ಕೊಂದ್ ಕೋಳಿ ಕಂಡ್ರೆ ಹೆಚ್ಚ್! ಗಂಜಿ, ಒಣ್ಮೀನ್ ಚಟ್ನಿ. ನಿಮ್ಮನಿ ಅಪ್ಪಟ ಅದ್. ಬೇಕಾರೆ ಅದನ್ ಬರಿ." ನಕ್ಕು, ಚೂರನ್ನು ಮತ್ತೆ ಮೂಗಿಗೆ ಹಿಡಿದರು. "ಮಾವ್ಶಿಗೆ ಹಿಂದ್ ಮುಂದ್ ಯಾರೂ ಇರ್ಲಿಲ್ಲೆ. ನಾವೇ ಹೊತ್ಕಂಡ್ ಹ್ವಾದ್. ಸಾಯೂ ಮುಂಚೆ ಒಂದೇ ಕೇಂಡದ್ದ್, ನಂಗೆ ಎಲೆ ಹಾಕೋರ್ ಯಾರ್ ಅಂದೇಳಿ. ನಿನ್ನ್ ದೊಡ್ಡಪ್ಪ, ನಾ ಹಾಕ್ತೆ ಅಂದ. ಮನಿಯಂಗೆ ಹೇಳ್ಲಿಲ್ಲೆ. ಹೊರಗಿನೋಳ್ ಅಂದ್ ಗೊತ್ತಾರೆ ನಿನ್ನಜ್ಜಿ ಎದ್ದ್ ಬತ್ತಿದ್ಳ್."

"ಅವರ ಹೆಸರು?"

"ಮಾವ್ಶಿ. ಕೇಂಬುಕೇ ಹೋಯ್ಲಿಲ್ಲ ನಾವ್."

ಬಸ್ಸಿನಲ್ಲಿ ಹಿಂದೆ ಬರುವಾಗ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಿದ್ದೆ. ಅವಳ ಕೈಯ ರುಚಿಯನ್ನೇ ಎಲ್ಲರಿಗೂ ಬಡಿಸಿ, ಅವಳೊಬ್ಬಳನ್ನು ಹೊಸ್ತಿಲಲ್ಲಿ ನಿಲ್ಲಿಸಿದ್ದೆ. ಪಕ್ಕದಲ್ಲಿ ಯಾರೂ ಕೂರದ ಬೆಂಚು ಎಂಥದೆಂದು ಗೊತ್ತಿದ್ದವಳು ನಾನು.

ಮರುವರ್ಷ ಹೆಸರು ಹೇಳಿ ಅಂಗಡಿಯಿಂದ ಕಲ್ಲುಹೂವು ತಂದು, ಆರು ಎಲೆ ಹಾಕಿದೆ. ಬೇರೆ ಜಾತಿಯವಳೆಂದು ಅಮ್ಮ ಏನಾದರೂ ಅಂದಾಳೆಂದು ಅಳುಕಿತ್ತು. "ಇಷ್ಟ್ ವರ್ಷ ಒಟ್ಟಿಗೆ ಕೂಕಂಡ್ ಉಂಡಾಯ್ತಲ್ದಾ, ಈಗೆಂತ ಜಾತಿ ಕೇಂಬುದ್? ಮೀನ್ ದೊಡ್ಡದ್ ಹಾಕ್ ಅವ್ಳಿಗೆ," ಎಂದಳು. ಸಂಜೀವಣ್ಣ ಕಲಿಸಿದ ಹಾಗೆ, "ಮಾವ್ಶಿ, ಜೇವಾಯ್ಲಾ ಯಾ," ಊಟಕ್ಕೆ ಬನ್ನಿ ಎಂದು, ಗಟ್ಟಿಯಾಗಿಯೇ ಕರೆದೆ. ಬಾಗಿಲು ತೆಗೆದಾಗ ಎಲೆಗಳು ಇಟ್ಟಲ್ಲೇ ಇದ್ದವು. ಸಾರಿಗೆ ರುಚಿ ಬಂದಿತ್ತು.

ಈಗ ನಾನು ಬ್ರಹ್ಮಾವರದಲ್ಲಿ ಪಾಠ ಮಾಡುತ್ತೇನೆ, ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ನಮ್ಮ ಕಾಲೇಜಿನ ಆಹಾರ ಮೇಳಕ್ಕೆ ಕೋಳಿಸಾರು ನನ್ನ ಪಾಲಿಗೆ ಬಂದಿದೆ. ಪಾತ್ರೆಯ ಮುಂದೆ ಇಡಲು "ಅಪ್ಪಟ ಕುಂದಾಪುರ" ಎಂದು ಅಚ್ಚು ಮಾಡಿದ ಚೀಟಿಯನ್ನೂ ಕೊಟ್ಟಿದ್ದಾರೆ. ಅಂಗಡಿಯಿಂದ ಬಂದವಳು ಮೊದಲು ಆ ಎರಡು ಪದಗಳನ್ನು ಹೊಡೆದುಹಾಕಿ, ಕೆಳಗೆ "ಮಾವ್ಶಿ ಮತ್ತು ದೊಡ್ಡಪ್ಪನ ಸಾರು" ಎಂದು ಬರೆದೆ. ಆಮೇಲೆ ರುಚಿ ನೋಡಲೆಂದು ಸ್ವಲ್ಪವೇ ಮಾಡಿದೆ. ಕಲ್ಲುಹೂವು ಹುರಿಯುವಾಗ ಮನೆಯಿಡೀ ಆ ಬಾವಿಯ ತಂಪು ತುಂಬಿಕೊಂಡಿತು.

ಮೇಜಿನ ಮೇಲೆ ತಟ್ಟೆ, ನೀರಿನ ಲೋಟ ಇಟ್ಟು ಅನ್ನ ತರಲು ಒಳಗೆ ಹೋದೆ. ತಿರುಗಿ ಬಂದು ನೋಡಿದರೆ ಲೋಟದ ಹಿಂದೆ ಒಂದು ಗೇಣಿನಷ್ಟು ಒದ್ದೆ ಗೆರೆ.

ಅಡುಗೆಮನೆಯ ಬುಟ್ಟಿಯಲ್ಲಿ ನಿಂಬೆಹಣ್ಣಿತ್ತು. ತರಲು ಹೋಗಲಿಲ್ಲ. ನನ್ನ ತಟ್ಟೆಯನ್ನು ಸ್ವಲ್ಪ ಈಚೆಗೆ ಸರಿಸಿಕೊಂಡು, ಇನ್ನೊಂದು ತಟ್ಟೆ ಇಟ್ಟೆ.