ಬದುಕಿರೋ ಲೇಖಕರಿಗೆ ಜನ ಬರಲ್ಲ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕರಾಡದ ಚೌಕದಲ್ಲಿ ನಮ್ ಹೀರೋ ಎಂಟ್ರಿ ಕೊಡ್ತಿದ್ದಾರೆ. ಹಿನ್ನೆಲೆ ಸಂಗೀತ ಏನಿಲ್ಲ, ಬರೀ ಕೆಮ್ಮು. ಶ್ರೀಪತಿ ಕುಂಭಾರ್, ಊರಿಗೆಲ್ಲ ಶ್ರೀಪತಿ ಮಾಮಾ, ಸ್ಟೂಲ್ ಹತ್ತಿ ಕರೀ ಹಲಗೆ ಒರೆಸ್ತಾರೆ. ಸೀಮೆಸುಣ್ಣ ನೀರಲ್ಲಿ ಅದ್ದಿ, ತೀರಿಕೊಂಡ ಯಾರದೋ ಹೆಸರು ಬರೀತಾರೆ. ಸುತ್ತ ಹೂಬಳ್ಳಿ ಬಿಡಿಸ್ತಾರೆ.

ಈ ಹಲಗೆ ಮೇಲೆ ಬರೋದು ಎರಡೇ ಸುದ್ದಿ. ಒಂದು ಸಾವು, ಇನ್ನೊಂದು ಬೇಸಿಗೆಯ ವ್ಯಾಖ್ಯಾನಮಾಲೆ, ಅಂದ್ರೆ ಭಾಷಣಗಳ ಸರಣಿ. ಪುಸ್ತಕ ಬರೆದೋರು ಬಂದು ಊರಿನ ಕಥೆ, ದೇಶದ ಕಥೆ ಹೇಳ್ತಾರೆ. ಸಾವಿಗೆ ಹೂಬಳ್ಳಿ, ಭಾಷಣಕ್ಕೆ ಬರೀ ಗೆರೆ. ಹೂಬಳ್ಳಿ ಕಂಡ್ರೆ ಸಾಕು, ಯಾರೋ ಹೋದ್ರು ಅಂತ ಊರಿಗೆ ಓದದೇನೇ ಗೊತ್ತು.

"ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿ ಹೆಂಚಿನ ಭಟ್ಟಿಗೆ ಹಾಕಿದ್ರು. ಮಿಕ್ಕಿದ್ದೆಲ್ಲ ಕಲ್ತಿದ್ದು ಭಾಷಣ ನಡೆಯೋ ಆ ಸಭಾಂಗಣದ ಹಿಂದಿನ ಬೆಂಚಲ್ಲಿ ಕೂತು" ಅಂತಾರೆ ಮಾಮಾ.

ಆ ಬೆಂಚಿಗೇ ಈಗ ಕುತ್ತು. ಈ ಸಲ ಜನ ಸೇರದಿದ್ರೆ ಭಾಷಣ ನಿಲ್ಲಿಸ್ತೀವಿ ಅಂತ ವ್ಯಾಖ್ಯಾನಮಾಲೆ ಸಮಿತಿ ಮೊದಲೇ ಹೇಳಿತ್ತು. ಅದೇ ಚಿಂತೇಲಿ ಹೋದ ವಾರ ಮಾಮಾ ಎಡವಿದ್ರು. ಕೋಟೆ ಬಗ್ಗೆ ಬರೆದ ದತ್ತಾಜಿ ಪಿಂಗಳೆ ಬರ್ತಾರೆ, ಹಲಗೆ ಸ್ವಲ್ಪ ಚೆಂದ ಕಾಣ್ಲಿ ಅಂತ ಅವರ ಹೆಸರಿಗೂ ಹೂಬಳ್ಳಿ ಬಿಡಿಸಿಬಿಟ್ರು.

ಸಂಜೆ ಸಭಾಂಗಣ ಹೌಸ್‌ಫುಲ್! ಎಲ್ಲರ ತಲೆ ಮೇಲೆ ಬಿಳಿ ಟೋಪಿ, ಕೈಯಲ್ಲಿ ಹಾರ. ವೇದಿಕೆ ಮೇಲೆ ನೋಡಿದ್ರೆ ಪಿಂಗಳೆ ಚಹಾ ಕುಡೀತಾ ಕೂತಿದಾರೆ.

"ಏ ಮಾಮಾ, ಇವ್ರು ಜೀವಂತ ಇದಾರಲ್ಲಾ!" ಪಾನ್ ಅಂಗಡಿ ಬಾಳ್ಯಾ ಬಾಯಿ ಬಿಟ್ಟ.

"ಸತ್ಮೇಲೆ ಭಾಷಣ ಮಾಡಕ್ಕಾಗುತ್ತೇನೋ? ಕೂತ್ಕೋ, ಕೇಳು."

"ಇದಾರಲ್ಲ ಬಿಡು, ಇನ್ಯಾವಾಗಾದ್ರೂ ಕೇಳೋಣ."

ಹಾರಗಳನ್ನ ಬಾಗಿಲ ಹತ್ರ ಗುಡ್ಡೆ ಹಾಕಿ ಊರು ಎದ್ದು ಹೋಯ್ತು. ಪಿಂಗಳೆ ಒಂದು ಹಾರ ಎತ್ತಿ ಮೂಸಿ, "ಹೂವು ತಾಜಾ ಇದೆ" ಅಂದ್ರು. ನಗೋಕೂ ಜನ ಇರಲಿಲ್ಲ. ಉಳಿದಿದ್ದ ಮುಂದಿನ ಸಾಲಿನ ಮುದುಕರಿಗೆ, ಹಿಂದಿನ ಬೆಂಚಿನ ಮಾಮಾಗೆ ಕೋಟೆ ಕಥೆ ಶುರು ಮಾಡಿದ್ರು. ಅರ್ಧಕ್ಕೇ ಸಮಿತಿಯವರು ಫ್ಯಾನ್ ಆರಿಸಿ ಭಾಷಣ ನಿಲ್ಲಿಸಿದ್ರು. ಮುಂದಿನ ವರ್ಷದಿಂದ ವ್ಯಾಖ್ಯಾನಮಾಲೆ ಬಂದ್.

ಈಗ ಹಲಗೆಗೆ ಸಾವೊಂದೇ. ಮಾಮಾ ಸ್ಟೂಲ್ ಇಳಿದು ಕೈ ಒರೆಸಿಕೊಳ್ತಾರೆ. ಏನಾದ್ರೂ ಆಸೆ ಇದೆಯಾ ಅಂದ್ರೆ ಸಭಾಂಗಣದ ಕಡೆ ಕೈ ತೋರಿಸ್ತಾರೆ.

"ನಾನು ಹೋದ್ಮೇಲೆ ಶೋಕಸಭೆಗೆ ಈ ಜನ ಬಂದೇ ಬರ್ತಾರೆ. ಆಗ ಬಾಗಿಲು ಹಾಕಿ, ಆ ಕೋಟೆ ಭಾಷಣ ಪೂರ್ತಿ ಮಾಡಿಸಿಬಿಡಿ."