ಸಿಗಡಿ ಪೆಟ್ಟಿಗೆಗಳ ನಡುವೆ ಹಿಮಾಲಯ

“ಮುಂದೆ ಎಡಕ್ಕೆ ಹೋಗಬೇಡಿ, ಅಲ್ಲಿ ಜಾರುತ್ತದೆ” ಎಂದು ಎದುರಿನಿಂದ ಬಂದ ಒಮಾನಿ ಹಿರಿಯರೊಬ್ಬರು ಹಿಂದಿಯಲ್ಲಿ ಎಚ್ಚರಿಸಿದರು. ಬಿಳಿ ನಿಲುವಂಗಿಯ ಮೇಲೆ ದಪ್ಪ ಜಾಕೆಟ್, ತಲೆಗೆ ಉಣ್ಣೆಯ ಟೋಪಿ, ಕೈಯಲ್ಲಿ ಚಾರಣದ ಕೋಲು. ನಾನೂ ನನ್ನ ಗಂಡನೂ ಹೆಚ್ಚುಕಡಿಮೆ ಅದೇ ವೇಷದಲ್ಲಿದ್ದೆವು. ನಾವಿದ್ದದ್ದು ಬೆಟ್ಟದ ಮೇಲಲ್ಲ, ಹೊರಗೆ ಜೂನ್ ತಿಂಗಳ ಸುಡುಬಿಸಿಲಿರುವಾಗ ಒಮಾನಿನ ರುಸೈಲ್ ಎಂಬಲ್ಲಿನ ಮೀನಿನ ಕೋಲ್ಡ್ ಸ್ಟೋರೇಜಿನೊಳಗೆ.

ಮರುವಾರ ಹಿಮಾಲಯಕ್ಕೆ ಹೊರಡುವವರಿದ್ದೆವು. ಪಣಂಬೂರಿನ ಸೆಕೆಯಲ್ಲಿ ಬೆಳೆದ ನನಗೆ ಚಳಿಯೆಂದರೆ ಭಯ. ತಡೆಯಲಾಗದಿದ್ದರೆ ಟಿಕೆಟ್ ರದ್ದು ಎಂದು ಗಂಡನಿಗೆ ಮೊದಲೇ ಹೇಳಿದ್ದೆ. ಹಾಗಾದರೆ ಇಲ್ಲಿ ನಡೆದು ನೋಡಿ ಎಂದು ಕರೆದವರು ಅಲ್ಲಿನ ಮ್ಯಾನೇಜರ್, ನಮ್ಮೂರಿನ ಹಮೀದ್.

ಹಿರಿಯರೂ ನಮ್ಮ ಹಾಗೆ ಚಳಿಯ ಅಭ್ಯಾಸಕ್ಕೆ ಬಂದವರು, ಐಸ್‌ಲ್ಯಾಂಡಿಗೆ ಹೊರಟಿದ್ದರಂತೆ. ಎದುರು ಸಿಕ್ಕವರನ್ನು ಬರಿಗೈಯಲ್ಲಿ ಕಳಿಸುವುದು ಒಮಾನಿಗಳ ಪದ್ಧತಿಯಲ್ಲ. ನಮ್ಮನ್ನು ಸಿಗಡಿ ಪೆಟ್ಟಿಗೆಗಳ ಮೇಲೆ ಕೂರಿಸಿ, ಬೆನ್ನಿನ ಚೀಲದಿಂದ ಫ್ಲಾಸ್ಕ್ ತೆಗೆದು ಅವರ ಕಾಫಿ ಕಹ್ವಾ ಬಗ್ಗಿಸಿದರು, ಖರ್ಜೂರ ಕೊಟ್ಟರು. ಖರ್ಜೂರ ಕಲ್ಲಾಗಿತ್ತು. ಅದನ್ನು ಚೀಪುತ್ತ ಮೂವರೂ ಗಂಭೀರವಾಗಿ ಹವಾಮಾನದ ಬಗ್ಗೆ ಮಾತಾಡಿದೆವು.

ಅಷ್ಟರಲ್ಲಿ ಹಮೀದ್ ಬಾಗಿಲಿನಿಂದ ಕರೆದರು. “ಅಕ್ಕ, ಬೇಗ ಇಳೀರಿ ಮಾರಾಯ್ರೆ. ನೀವು ಕೂತದ್ದು ಈಗ ದುಬೈಗೆ ಹೋಗ್ಲಿಕ್ಕುಂಟು.”

ಟಿಕೆಟ್ ರದ್ದಾಗಲಿಲ್ಲ. ಹಿಮಾಲಯದಲ್ಲಿ ಮೊದಲ ಸಲ ಹಿಮದ ಮೇಲೆ ಕಾಲಿಟ್ಟಾಗ ಜೊತೆಯವರೆಲ್ಲ ಹಿಮ ಬಾಚಿ ಎರಚಾಡಿದರು. ನಾನು ಮಾತ್ರ ಮೂಗರಳಿಸಿ ಉಸಿರೆಳೆದುಕೊಂಡೆ. ಮೀನಿನ ವಾಸನೆಯೇ ಇರಲಿಲ್ಲ. ಯಾಕೋ ಅದು ಅಸಲಿ ಹಿಮ ಎಂದು ನನಗೆ ಇವತ್ತಿಗೂ ಅನಿಸಿಲ್ಲ.